ಕೆಳಗೆ ಬರೆದ ಸಣ್ಣ ಎರಡು

ನಾನು ಕನ್ನಡ ಕಲಿಸುವವಳು. ಹಿಪ್ಪರಗಿ ಬ್ಯಾರೇಜಿನಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅದು ನನ್ನ ಎರಡನೆಯ ವರ್ಷ. ಜೂನ್‌ನಲ್ಲಿ ಶಾಲೆ ಶುರುವಾಗಿ ಹದಿನೈದು ದಿನ ಕೂಡ ಆಗಿರಲಿಲ್ಲ, ನಮ್ಮ ವಿಜ್ಞಾನದ ಶಿಕ್ಷಕರಿಗೆ ವರ್ಗವಾಯಿತು. ಅವರು ತಮ್ಮ ಊರ ಕಡೆ ಹೋಗಲು ಬಹಳ ವರ್ಷಗಳಿಂದ ಕಾಯುತ್ತಿದ್ದರು. ಆದೇಶ ಬಂದ ಮರುದಿನವೇ ಹೊರಟುಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹತ್ತನೆಯ ತರಗತಿಯ ವಿಜ್ಞಾನವನ್ನು ಗಣಿತದವರು ತೆಗೆದುಕೊಂಡರು, ಎಂಟನೆಯದನ್ನು ಮುಖ್ಯೋಪಾಧ್ಯಾಯರೇ ಇಟ್ಟುಕೊಂಡರು. ಒಂಬತ್ತನೆಯದು ಉಳಿಯಿತು.

“ಮೇಡಮ್ಮಾರ, ಒಂಬತ್ತನೇತ್ತದ ವಿಜ್ಞಾನ ನೀವ ತಗೋರಿ,” ಎಂದರು ಮುಖ್ಯೋಪಾಧ್ಯಾಯರು.

“ನನಗ ವಿಜ್ಞಾನ ಬರೂದಿಲ್ರಿ ಸರ್.”

“ಪುಸ್ತಕ ಐತೆಲ್ರಿ, ಓದಿ ಹೇಳ್ರಿ. ಒಂದ್ ತಿಂಗಳದ ಮಾತು. ಅಷ್ಟರಾಗ ಹೊಸಬರು ಬರ್ತಾರ.”

ನಾನು ಹೂಂ ಅಂದೆ. ಇಲ್ಲ ಅನ್ನಲು ನನ್ನ ಬಳಿ ಬೇರೆ ಕಾರಣ ಇರಲಿಲ್ಲ. ಉಳಿದವರಿಗೆಲ್ಲ ಮನೆ, ಮಕ್ಕಳು, ಹೊಲ ಇದ್ದವು. ನನಗೆ ಸಮಯ ಇತ್ತು. ಅದು ಅವರಿಗೂ ಗೊತ್ತಿತ್ತು.

ಬೀಳಗಿಯಲ್ಲಿ ನಾನು ಹತ್ತನೆಯ ತರಗತಿ ಓದುವಾಗ ವಿಜ್ಞಾನದಲ್ಲಿ ಪಾಸಾದದ್ದು ಹೃದಯದ ಚಿತ್ರ, ಹೂವಿನ ಚಿತ್ರ ಚೆನ್ನಾಗಿ ಬರೆಯುತ್ತಿದ್ದೆ ಎಂಬ ಒಂದೇ ಕಾರಣಕ್ಕೆ. ರಾಸಾಯನಿಕ ಸೂತ್ರಗಳ ಪುಟ ಬಂದರೆ ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದೆ. ನೀರು H₂O, ಉಪ್ಪು NaCl. ಈ ಎರಡನ್ನು ಬಾಯಿಪಾಠ ಮಾಡಿಕೊಂಡು ದಡ ಸೇರಿದ್ದೆ. ಆಮೇಲೆ ಇಪ್ಪತ್ತೈದು ವರ್ಷ ಯಾರೂ ನನ್ನನ್ನು ಮೂರನೆಯದನ್ನು ಕೇಳಿರಲಿಲ್ಲ.

ಆಗ ನನ್ನ ತಾಯಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನಾನು ಮದುವೆಯಾಗಿಲ್ಲ. ಬೀಳಗಿಯಲ್ಲಿ ನಾವಿಬ್ಬರೇ ಇದ್ದೆವು. ಸಂಜೆ ಶಾಲೆ ಬಿಟ್ಟು ನಾನು ಬಸ್ಸು ಹತ್ತಿದ ಮೇಲೆ ಆಕೆ ತಪ್ಪದೆ ಫೋನ್ ಮಾಡುತ್ತಿದ್ದಳು. “ಎಲ್ಲಿ ಬಂದಿ?” ಎಂದು ಒಮ್ಮೆ, ಸ್ವಲ್ಪ ಹೊತ್ತಿನ ಮೇಲೆ “ಇನ್ನೂ ಬರಲಿಲ್ಲಲಾ?” ಎಂದು ಇನ್ನೊಮ್ಮೆ. ನನಗೆ ಸಿಟ್ಟು ಬರುತ್ತಿತ್ತು. ಆಕೆ ಹೋದ ಮೇಲೆ ಆ ಮನೆಯಲ್ಲಿ ಇರುವುದಾಗಲಿಲ್ಲ. ವರ್ಗ ಕೇಳಿ ಈ ಕಡೆ ಬಂದೆ. ಜಮಖಂಡಿಯಲ್ಲಿ ಒಂದು ಮನೆಯ ಮಾಳಿಗೆಯ ಕೋಣೆ ಹಿಡಿದೆ. ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡು ಒಮ್ಮೊಮ್ಮೆ ಕತ್ತಲಾಗುತ್ತಿತ್ತು. ತಡವಾಗಿದ್ದು ನನ್ನ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ.

ಶ್ರಾವಣದ ಹೊತ್ತಿಗೆ ಪರಮಾಣು ಮತ್ತು ಅಣುಗಳ ಪಾಠ ಬಂತು. ಉದಾಹರಣೆಗಳನ್ನು ಬಸ್ಸಿನಲ್ಲಿ ಕೂತು ಒಂದು ಹಾಳೆಗೆ ಇಳಿಸಿಕೊಂಡಿದ್ದೆ. ತರಗತಿಯಲ್ಲಿ ಆ ಹಾಳೆ ನೋಡಿ ಕರಿಹಲಗೆಯ ಮೇಲೆ ಬರೆದೆ: ಮೆಗ್ನೀಸಿಯಂ ಕ್ಲೋರೈಡ್, MgCl.

ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕುರಿ ಕಾಯುವ ಮನೆತನದವಳು, ತರಗತಿಯಲ್ಲೇ ಎತ್ತರದವಳು. ಅವಳ ಮನೆಯವರು ಬೀರೇಶ್ವರನ ಒಕ್ಕಲು. ಅಪ್ಪ ಅರ್ಧ ವರ್ಷ ಕುರಿಗಳ ಹಿಂದೆ ಊರೂರು ಇರುತ್ತಿದ್ದ. ಅವಳು ಮಾತಾಡುವುದೇ ಕಡಿಮೆ.

“ಟೀಚರ್ರೀ, ಬುಕ್ಕನ್ಯಾಗ ಕೆಳಗ ಸಣ್ಣದ ಎರಡ ಐತ್ರಿ.”

ನಾನು ಪುಸ್ತಕ ನೋಡಿದೆ. ಇತ್ತು. Cl ನ ಬಲಕ್ಕೆ, ಸಾಲಿನಿಂದ ಸ್ವಲ್ಪ ಕೆಳಗೆ, ಸಣ್ಣ ಎರಡು. ಅದು ಯಾಕೆ ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ‘ಎರಡು ಯಾಕೆ’ ಎಂದು ಮುಂದಿನ ಪ್ರಶ್ನೆ ಬಂದರೆ ಏನು ಹೇಳಲಿ ಎಂಬ ಹೆದರಿಕೆಯಲ್ಲಿ ನನ್ನ ಬಾಯಿಂದ ಬಂದದ್ದು ಇದು:

“ಅದು ಪ್ರಿಂಟ್ ತಪ್ಪಾಗೇತಿ. ಹೊಡದ ಹಾಕ್ರಿ.”

ಮಕ್ಕಳು ಪೆನ್ನು ತೆಗೆದು ಪುಸ್ತಕದಲ್ಲಿದ್ದ ಆ ಎರಡನ್ನು ಹೊಡೆದು ಹಾಕಿದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದ್ದೇನೆ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಅಂದಿದ್ದೇನೆ. ಅವತ್ತು ಮಾತ್ರ ಯಾಕೆ ಹಾಗೆ ಅಂದೆನೋ. ನಾಲ್ವತ್ತು ಪೆನ್ನುಗಳು ಒಂದೇ ಸಲ ಕಾಗದ ಕೆರೆದ ಸದ್ದು ಬಹಳ ಸಣ್ಣದು, ಆದರೆ ಅದು ನನಗೆ ಬಸ್ಸಿನಲ್ಲೂ ಕೇಳುತ್ತಿತ್ತು.

ಜಮಖಂಡಿಯ ಆ ಮನೆಯ ಕೆಳಗೆ ಮನೆಯವರೇ ಇದ್ದರು. ಮಗ ಬ್ಯಾಂಕಿನಲ್ಲಿ ನೌಕರಿ. ಸೊಸೆ ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು. ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. ಮತ್ತೆ ಹಿರಿಯರು, ಮಗನ ತಂದೆ. ಮೂವತ್ತು ವರ್ಷ ರಬಕವಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಶಬ್ದ, “ಆತು”. ಚಹಾ ಬೇಕಾದರೂ ಆತು, ಬೇಡವಾದರೂ ಆತು. ಸಿಟ್ಟು ಬಂದರೆ ಆತು ಆತು ಆತು. ಅವರೊಳಗೆ ಮಾತು ಇದೆ, ಹೊರಗೆ ಬರುವಾಗ ಎಲ್ಲವೂ ಈ ಒಂದು ಬಾಗಿಲಿನಿಂದಲೇ ಬರುತ್ತದೆ ಎಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಆದರೆ ಎಷ್ಟು ಹೊತ್ತು ಯಾರು ಕಣ್ಣು ನೋಡುತ್ತಾರೆ? ಮನೆ ತುಂಬ ಜನ, ಹೊಲಿಗೆ ಮಷೀನಿನ ಸದ್ದು, ಅಳತೆ ಕೊಡಲು ಬಂದ ಹೆಂಗಸರ ಮಾತು. ಅವರು ಪಡಸಾಲೆಯ ಕುರ್ಚಿಯಲ್ಲಿ ಬೀದಿ ನೋಡುತ್ತ ಕೂತಿರುತ್ತಿದ್ದರು. ನಾನು ಹೋಗುವಾಗ ಬರುವಾಗ “ನಮಸ್ಕಾರ್ರೀ ಸರ್” ಅನ್ನುತ್ತಿದ್ದೆ. ಅವರು “ಆತು” ಅನ್ನುತ್ತಿದ್ದರು. ಒಂದು ವರ್ಷದಲ್ಲಿ ನಮ್ಮಿಬ್ಬರ ಮಾತು ಅಷ್ಟೇ.

ಆ ಸಂಜೆ ನಾನು ಮಾಳಿಗೆ ಹತ್ತಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ಪುಸ್ತಕ ತೆಗೆದೆ. ಅವರು ವಿಜ್ಞಾನದ ಮಾಸ್ತರರು ಎಂಬುದು ಗೊತ್ತಿದ್ದೂ ಅವರನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಮಾತಿಲ್ಲದವರನ್ನು ಏನು ಕೇಳುವುದು. ನನ್ನ ಹಾಳೆ ಪುಸ್ತಕದ ಪಕ್ಕ ಬಿದ್ದಿತ್ತು. ಅವರ ಕುರ್ಚಿ ಅಲ್ಲಿಂದ ಎರಡು ಮೊಳ ದೂರ. ಒಮ್ಮೆಲೇ “ಆತು!” ಎಂದರು. ನೋಡಿದರೆ ಎಡಗೈ ಚಾಚಿ ಆ ಹಾಳೆಯನ್ನು ತೋರಿಸುತ್ತಿದ್ದಾರೆ. ಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡು MgCl ನ ಮೇಲೆ ಬೆರಳಿನಿಂದ ಕುಟ್ಟಿದರು. “ಆತು, ಆತು, ಆತು.” ಮುಖ ಕೆಂಪಾಯಿತು. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವರ ಸಿಟ್ಟು ಅದು. ನಾನು ಪೆನ್ನು ಕೊಟ್ಟೆ. ಎಡಗೈಯಲ್ಲಿ ಹಿಡಿದು, Cl ನ ಬಲಕ್ಕೆ ಕೆಳಗೆ ಸಣ್ಣ ಎರಡು ಬರೆದರು. ಸೊಟ್ಟಗಿತ್ತು. ಆದರೆ ಇರಬೇಕಾದಲ್ಲೇ ಇತ್ತು.

ಒಳಗಿನಿಂದ ನೋಡುತ್ತಿದ್ದ ಸೊಸೆ ಮಷೀನು ಬಿಟ್ಟು ಓಡಿ ಬಂದಳು.

“ಅಯ್ಯ ಶಿವನ! ಮಾವಾರು ಬರದಾರ್ರೀ ಅಕ್ಕಾರ! ಮೀರಜಿನ್ಯಾಗ ಡಾಕ್ಟರು ಕೈಯಾಗ ಪೆನ್ಸಿಲ್ ಕೊಟ್ಟು ನಿಮ್ಮ ಹೆಸರ ಬರೀರಿ ಅಂದ್ರ ಒಂದ ಗೀಟು ಸೈತ ಎಳದಿದ್ದಿಲ್ಲ.”

ಅವಳು ಹಾಳೆಯ ಇನ್ನೊಂದು ಬದಿ ಮಾಡಿ, “ಮಾವಾರ, ನಿಮ್ಮ ಹೆಸರ ಬರೀರಿ ನೋಡೂಣು,” ಎಂದಳು. ಅವರು ಬಹಳ ಹೊತ್ತು ಪೆನ್ನು ಹಿಡಿದುಕೊಂಡು ಕೂತರು. ಬರಲಿಲ್ಲ. ಹೆಸರಿನ ಒಂದಕ್ಷರವೂ ಬರಲಿಲ್ಲ. ನಾನು ಹಾಳೆಯನ್ನು ಮತ್ತೆ ತಿರುಗಿಸಿ, ಕೆಳಗೆ ‘ಅಲ್ಯೂಮಿನಿಯಂ ಆಕ್ಸೈಡ್’ ಎಂದು ಬರೆದು ತೋರಿಸಿದೆ. ತಡವಿಲ್ಲದೆ ಬರೆದರು: Al₂O₃.

ಮರುದಿನದಿಂದ ನಾನು ಅವರ ವಿದ್ಯಾರ್ಥಿನಿಯಾದೆ. ಸಂಜೆ ಬಂದು ಕೈಕಾಲು ತೊಳೆದು ಪಡಸಾಲೆಗೆ ಇಳಿಯುತ್ತಿದ್ದೆ. ಸಣ್ಣ ಮೊಮ್ಮಗಳ ಪಾಟಿ, ಒಂದು ತುಂಡು ಬಳಪ. ಅವರು ಮಾತಿಲ್ಲದೆ ಕಲಿಸಿದ ರೀತಿ ಹೀಗಿತ್ತು: Mg ಬರೆದು ಅದರ ತಲೆಯ ಮೇಲೆ 2 ಮತ್ತು ಕೂಡುವ ಚಿಹ್ನೆ ಹಾಕುವರು. ಪಕ್ಕದಲ್ಲಿ Cl ಬರೆದು ಅದರ ತಲೆಯ ಮೇಲೆ ಕಳೆಯುವ ಚಿಹ್ನೆ ಮಾತ್ರ, ಅಂದರೆ ಒಂದು. ಆಮೇಲೆ ಎರಡು ಓರೆ ಗೆರೆ ಎಳೆದು ಈ ತಲೆಯ ಅಂಕಿಯನ್ನು ಆ ಕಾಲಿಗೆ, ಆ ತಲೆಯ ಅಂಕಿಯನ್ನು ಈ ಕಾಲಿಗೆ ತರುವರು. ಮೆಗ್ನೀಸಿಯಂ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಕ್ಲೋರಿನ್ ಒಂದನ್ನು ಮಾತ್ರ ತೆಗೆದುಕೊಳ್ಳುತ್ತದೆ, ಹಾಗಾಗಿ ಕ್ಲೋರಿನ್ ಎರಡು ಬೇಕು. ಪುಸ್ತಕದಲ್ಲಿ ಇದೇ ಇತ್ತು. ನಾನು ಹತ್ತು ಸಲ ಓದಿಯೂ ತಲೆಗೆ ಹತ್ತದೆ ಇದ್ದದ್ದು ಅವರು ಆ ಎರಡು ಗೆರೆ ಎಳೆದಾಗ ಹತ್ತಿತು.

ನಾನು ಕ್ಯಾಲ್ಸಿಯಂ ಆಕ್ಸೈಡಿಗೆ Ca₂O₂ ಎಂದು ಬರೆದರೆ ಎರಡೂ ಎರಡನ್ನು ಒದ್ದೆ ಬೆರಳಿನಿಂದ ಅಳಿಸಿ CaO ಉಳಿಸುವರು. ಸುಣ್ಣದ ನೀರಿಗೆ CaOH₂ ಎಂದು ಬರೆದಾಗ, ಆವರಣ ಹಾಕಿ ಎರಡನ್ನು ಹೊರಗೆ ತಂದು Ca(OH)₂ ಮಾಡಿ, ನನಗೆ ಅರ್ಥವಾಗುವವರೆಗೆ ಆ ಆವರಣದ ಮೇಲೆ ಬಳಪ ತಿದ್ದುತ್ತಲೇ ಇದ್ದರು. ಸರಿ ಬರೆದರೆ ಮೆಲ್ಲಗೆ “ಆತು”. ತಪ್ಪಿದರೆ ಪಾಟಿ ಕಸಿದುಕೊಳ್ಳುವರು. ಒಂದು ಸಲ ಒಂದೇ ತಪ್ಪನ್ನು ಮೂರು ಸಾರಿ ಮಾಡಿದೆನೆಂದು ಬಳಪದಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದರು. ಸೊಸೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು. ಬಹಳ ದಿನಗಳ ಮೇಲೆ ಯಾರೋ ನನ್ನ ಮೇಲೆ ಹಕ್ಕಿನಿಂದ ಸಿಟ್ಟಾಗಿದ್ದರು.

ಒಂದು ಭಾನುವಾರ ಮಧ್ಯಾಹ್ನ ಸೊಸೆ ಕೆಳಗಿನಿಂದ ಕೂಗಿದಳು. “ಅಕ್ಕಾರ, ಲಗೂ ಬರ್ರಿ ಇಲ್ಲೆ!” ಇಳಿದು ಹೋದರೆ ಊಟದ ತಾಟಿನ ಮುಂದೆ ಅವರು ಪಾಟಿ ಹಿಡಿದು ಕೂತಿದ್ದಾರೆ, ಮಗ, ಮೊಮ್ಮಕ್ಕಳು ಸುತ್ತ ನಿಂತಿದ್ದಾರೆ. ಪಾಟಿಯ ಮೇಲೆ NaCl.

“ಊಟ ಬಿಟ್ಟು ಇದನ್ನ ತೋರ್ಸಾಕತ್ತಾರ. ಏನಂತ್ರೀ ಇದು?” ಎಂದ ಮಗ.

“ಉಪ್ಪ್ರಿ. ಉಪ್ಪು ಕೇಳಾಕತ್ತಾರ.”

ಸೊಸೆ ಮಜ್ಜಿಗೆ ಬಾಯಿಗೆ ಹಾಕಿಕೊಂಡು ನೋಡಿ, “ಖರೇನ, ಉಪ್ಪ ಹಾಕಿಲ್ಲ ನಾ,” ಎಂದಳು. ಮಗ ಗೋಡೆಗೆ ಒರಗಿ ನಿಂತುಬಿಟ್ಟ. ಎರಡು ವರ್ಷದಲ್ಲಿ ಅಪ್ಪ ತಾನಾಗಿ ಇಂಥದ್ದು ಬೇಕು ಎಂದು ಹೇಳಿದ್ದು ಅದೇ ಮೊದಲು. ಅವತ್ತು ಸಂಜೆ ಸೊಸೆ ಒಂದು ಕಾಗದ ತಂದು ನನ್ನ ಕೈಯಲ್ಲಿ ಪಟ್ಟಿ ಬರೆಸಿದಳು. NaCl ಅಂದರೆ ಉಪ್ಪು, H₂O ಅಂದರೆ ನೀರು, Ca(OH)₂ ಅಂದರೆ ಎಲೆಗೆ ಹಚ್ಚುವ ಸುಣ್ಣ. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಸಕ್ಕರೆಯ ಸೂತ್ರ ದೊಡ್ಡದು. ಅವರು ಅದನ್ನು ಪೂರಾ ಬರೆದು ತೋರಿಸಿದ ದಿನ, “ಮಾವಾರ, ಶುಗರ್ ಐತಿ ನಿಮಗ, ಅದನ್ನಷ್ಟು ಬರೀಬ್ಯಾಡ್ರಿ,” ಎಂದು ಪಾಟಿ ಒರೆಸಿ ಕೊಟ್ಟಳು.

ಹಸಿವು, ನೋವು, ಬೇಸರ, ತೀರಿಹೋದ ಹೆಂಡತಿ, ಇವು ಯಾವುದಕ್ಕೂ ಸೂತ್ರ ಇರಲಿಲ್ಲ. ಪಟ್ಟಿ ಆರೇಳು ಸಾಲಿಗೆ ನಿಂತಿತು.

ಇತ್ತ ಶಾಲೆಯಲ್ಲಿ ನಾನು ಮಾಡಿದ್ದನ್ನು ಸರಿಪಡಿಸಿರಲಿಲ್ಲ. ಮುಂದಿನ ಪಾಠ ಶುರು ಮಾಡಿ, ಮಕ್ಕಳು ಮರೆತಿರುತ್ತಾರೆ ಎಂದುಕೊಂಡಿದ್ದೆ. ಕಿರುಪರೀಕ್ಷೆಯಲ್ಲಿ ಮೆಗ್ನೀಸಿಯಂ ಕ್ಲೋರೈಡಿನ ಸೂತ್ರ ಕೇಳಿದ್ದರು. ಪ್ರಶ್ನೆಪತ್ರಿಕೆ ನಾನು ತೆಗೆದದ್ದಲ್ಲ. ಭಾನುವಾರ ಕೂತು ಉತ್ತರಪತ್ರಿಕೆ ನೋಡಿದರೆ ಒಂದಾದ ಮೇಲೆ ಒಂದು MgCl, MgCl, MgCl. ಪೂರ್ತಿ ತರಗತಿ ನನ್ನ ಮಾತು ನಂಬಿತ್ತು. ಕೆಂಪು ಪೆನ್ನು ಹಿಡಿದು, ತಪ್ಪು ಹಾಕಲಾರದೆ ಸರಿಯೂ ಹಾಕಲಾರದೆ ಕೂತೆ.

ಸೋಮವಾರ ತರಗತಿಗೆ ಹೋದವಳೇ ಪತ್ರಿಕೆಗಳನ್ನು ಮೇಜಿನ ಮೇಲೆ ಇಟ್ಟು ಹೇಳಿದೆ:

“ಅವತ್ತು ನಾ ಪ್ರಿಂಟ್ ತಪ್ಪು ಅಂದಿದ್ನೆಲ್ಲ, ಅದು ಸುಳ್ಳು. ಬುಕ್ಕನ್ಯಾಗಿದ್ದದ್ದ ಸರಿ. ನನಗ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳಾಕ ನಾಚಿಕಿ ಆತು. ಯಾರದೂ ಮಾರ್ಕ್ಸ್ ಹೋಗೂದಿಲ್ಲ. ತಪ್ಪು ನಂದು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ನಾನು ಹಲಗೆಯ ಮೇಲೆ ಎರಡು ಓರೆ ಗೆರೆ ಎಳೆದು, ಎರಡು ಎಲ್ಲಿಂದ ಬಂತು ಎಂದು ಮೊದಲಿನಿಂದ ಹೇಳಿಕೊಟ್ಟೆ. ಆಮೇಲೆ ಹೊಡೆದು ಹಾಕಿದ ಎರಡನ್ನು ಮತ್ತೆ ಬರೆದುಕೊಳ್ಳಲು ಹೇಳಿ ಬೆಂಚುಗಳ ನಡುವೆ ನಡೆದೆ. ಕೊನೆಯ ಬೆಂಚಿನ ಆ ಎತ್ತರದ ಹುಡುಗಿ ಏನೂ ಬರೆಯುತ್ತಿರಲಿಲ್ಲ. ಅವಳ ಪುಸ್ತಕದಲ್ಲಿ ಎರಡು ಹಾಗೆಯೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ.

“ನೀ ಹೊಡದ ಹಾಕಿದ್ದಿಲ್ಲೇನು?”

“ಇಲ್ರಿ. ನಮ್ಮ ಅಕ್ಕನ ಹಳೇ ಬುಕ್ಕನ್ಯಾಗೂ ಎರಡ ಇತ್ತರಿ. ಎರಡೂ ಬುಕ್ಕನ್ಯಾಗ ಹೆಂಗ ತಪ್ಪಾಗತೈತಿ ಅಂತ ಬಿಟ್ಟಿನ್ರಿ.”

“ಮತ್ತ ಪರೀಕ್ಷಾದಾಗ ಎರಡ ಬಿಟ್ಟ ಬರದಿ?”

ಅವಳು ಬೆಂಚಿನ ಅಂಚು ಉಜ್ಜುತ್ತ ನಿಂತಳು. ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ ಅಂದಳು:

“ನಾ ಒಬ್ಬಾಕಿ ಸರಿ ಬರದ್ರ ನಿಮಗ ಬ್ಯಾಸರಾಗತಿತ್ತು. ಊಟಕ್ಕ ಬಿಟ್ಟಾಗ ನೀವು ಒಬ್ಬರ ಕುಂತಿರ್ತೀರಿ, ಯಾರ ಜೋಡಿನೂ ಮಾತಾಡೂದಿಲ್ಲ. ಅದಕ್ಕ ಸುಮ್ನ ಬರದೆ.”

ಅವಳಿಗೆ ಕೂತುಕೋ ಎಂದೆ. ಶಿಕ್ಷಕರ ಕೋಣೆಯ ಕಿಟಕಿಯ ಬಳಿ ಡಬ್ಬಿ ಬಿಚ್ಚಿ ಉಣ್ಣುವಾಗ ನನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಮಕ್ಕಳು ನೋಡುತ್ತಿದ್ದರು. ನೋಡಿ, ತಮ್ಮ ಕೈಲಾದಷ್ಟು ನನ್ನನ್ನು ಸಂಭಾಳಿಸುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಅಯಾನಿಕ ಸಂಯುಕ್ತಗಳನ್ನು ದಾಟಿ ಸಹವೇಲೆನ್ಸಿಯ ಸಂಯುಕ್ತಗಳಿಗೆ ಬಂದಿದ್ದೆ. ಇಲ್ಲಿ ಕೊಡುವುದು ತೆಗೆದುಕೊಳ್ಳುವುದು ಇಲ್ಲ. ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಮಾಸ್ತರರು ಅಕ್ಷರಗಳ ನಡುವೆ ಚುಕ್ಕಿ ಇಟ್ಟು ತೋರಿಸುತ್ತಿದ್ದರು. ಕಾರ್ಬನ್ ಡೈಆಕ್ಸೈಡ್, ಅಮೋನಿಯಾ, ಮೀಥೇನ್ ಸಲೀಸಾಗಿ ಬಂದವು. ಕಷ್ಟವಾದದ್ದು ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ನೊರೆ ಬರುತ್ತದಲ್ಲ, ಆ ಔಷಧ. ಅದರ ಸೂತ್ರ H₂O₂. ನಾನು ಕಲಿತ ಪ್ರಕಾರ ಎರಡೂ ಎರಡನ್ನು ಅಳಿಸಿ HO ಎಂದು ಬರೆದೆ.

ಅವರು ತಲೆ ಅಲ್ಲಾಡಿಸಿ ಎರಡೂ ಎರಡನ್ನು ವಾಪಸು ಹಾಕಿದರು.

“ಸರ್, ಕ್ಯಾಲ್ಸಿಯಂ ಆಕ್ಸೈಡಿನ್ಯಾಗ ಅಳಿಸಿದ್ರೆಲ್ರಿ. ಇಲ್ಲೆ ಯಾಕ ಅಳಸಬಾರದು?”

ಅವರು H, O, O, H ಎಂದು ಸಾಲಾಗಿ ಬರೆದು ನಡುವೆ ಚುಕ್ಕಿ ಇಟ್ಟರು. ನನಗೆ ತಿಳಿಯಲಿಲ್ಲ. ಮತ್ತೆ ಬರೆದರು. “ಅದು ಖರೆ ಸರ್, ಆದ್ರ ಯಾಕ?” ಎಂದೆ. ಈ ‘ಯಾಕೆ’ ಅನ್ನುವುದಕ್ಕೆ ಮಾತೇ ಬೇಕಿತ್ತು. ಅವರು ಬಾಯಿ ತೆರೆದರು. “ಆತು… ಆ… ಆತು…” ಕುತ್ತಿಗೆಯ ನರ ಉಬ್ಬಿದವು. ನಾನು ಸಾಕು ಬಿಡ್ರಿ ಅನ್ನಬೇಕಿತ್ತು, ಅನ್ನಲಿಲ್ಲ. ಇನ್ನೇನು ಬಂದುಬಿಡುತ್ತದೆ ಅನಿಸುವ ಹಾಗಿತ್ತು. ಬರಲಿಲ್ಲ. ಅವರು ಪಾಟಿಯನ್ನು ಎಡಗೈಯಿಂದ ತಳ್ಳಿದರು. ಅದು ಫರಸಿ ನೆಲದ ಮೇಲೆ ಬಿದ್ದು ಮೂಲೆ ಮುರಿಯಿತು. ಅವರು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು. ಸೊಸೆ ಬಂದು, “ನೀವು ಮ್ಯಾಲ ಹೋಗ್ರಿ ಅಕ್ಕಾರ,” ಎಂದಳು. ಆ ದನಿಯಲ್ಲಿ ಮೊದಲ ಸಲ ಬೇಸರ ಇತ್ತು.

ಮೂರು ದಿನ ಅವರು ಪಡಸಾಲೆಗೆ ಬರಲಿಲ್ಲ. ಕುರ್ಚಿಯ ಮೇಲೆ ಹೊಲಿದ ಕುಪ್ಪಸಗಳ ಗಂಟು ಇರುತ್ತಿತ್ತು. ನಾನು ಕಳ್ಳಿಯ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ. ಬಂದವಳೇ ಬಾಗಿಲು ಹಾಕಿಕೊಂಡರೆ ಬೆಳಿಗ್ಗೆಯವರೆಗೆ ನನ್ನ ಗಂಟಲಿನಿಂದ ಒಂದು ಶಬ್ದ ಹೊರಡುವ ಕಾರಣ ಇರುತ್ತಿರಲಿಲ್ಲ. ಮೊದಲೂ ಹಾಗೆಯೇ ಇತ್ತು. ಆದರೆ ನಡುವೆ ಎರಡು ತಿಂಗಳು ಬೇರೆ ಥರ ಇದ್ದು ಮತ್ತೆ ಅದಕ್ಕೆ ಬರುವುದು ಬೇರೆ. ಒಂದು ಸಂಜೆ ಒಲೆಯ ಮುಂದೆ ನಿಂತು, ನನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲು, “ಸೋಡಿಯಂ ಕಾರ್ಬೋನೇಟ್” ಎಂದು ಗಟ್ಟಿಯಾಗಿ ಅಂದೆ. ಕೋಣೆಯಲ್ಲಿ ಅದು ಬಹಳ ವಿಚಿತ್ರವಾಗಿ ಕೇಳಿಸಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಪೇಟೆಯ ಪುಸ್ತಕದ ಅಂಗಡಿಯಿಂದ ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕ ತಂದೆ. ಇಂಗ್ಲಿಷಿನದು. ನಿಘಂಟು ಇಟ್ಟುಕೊಂಡು ಭಾನುವಾರವೆಲ್ಲ ಓದಿದೆ. ಸಂಜೆ ಐದರ ಸುಮಾರಿಗೆ ಅದು ಸಿಕ್ಕಿತು. ಉಪ್ಪಿನ ಹರಳಿನಲ್ಲಿ ಸೋಡಿಯಂ, ಕ್ಲೋರಿನ್ ಅಯಾನುಗಳು ಲೆಕ್ಕವಿಲ್ಲದಷ್ಟು ಒಂದರ ಪಕ್ಕ ಒಂದು ಕೂತಿರುತ್ತವೆ. ಇದು ಇಲ್ಲಿಗೆ ಮುಗಿಯಿತು, ಅದು ಅಲ್ಲಿಂದ ಶುರು ಎಂಬುದಿಲ್ಲ. ಅಲ್ಲಿ ಸೂತ್ರ ಹೇಳುವುದು ಇಷ್ಟಕ್ಕೆ ಇಷ್ಟು ಎಂಬ ಪ್ರಮಾಣವನ್ನು ಮಾತ್ರ. ಕ್ಯಾಲ್ಸಿಯಂ ಆಕ್ಸೈಡಿನದೂ ಹಾಗೆಯೇ, ಅದಕ್ಕೇ ಭಾಗಿಸಬಹುದು. ಪೆರಾಕ್ಸೈಡಿನಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಅಣುವೂ ಬೇರೆ ಬೇರೆ, ಒಂದೊಂದರಲ್ಲೂ ಎಣಿಸಿ ನಾಲ್ಕು ಪರಮಾಣು. ಅರ್ಧ ಅಳಿಸಿದರೆ ಆ ವಸ್ತುವೇ ಉಳಿಯುವುದಿಲ್ಲ. ಅವರು ಸಾಲಾಗಿ ಬರೆದು ತೋರಿಸಿದ್ದು ಇದನ್ನೇ.

ಕೆಳಗೆ ಓಡಿದೆ. ಅವರು ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಒರಗಿದ್ದರು. ಸೊಸೆಯ ಮುಖ ನೋಡಿದೆ. ಅವಳು ತಲೆಯಾಡಿಸಿ ದಾರಿ ಬಿಟ್ಟಳು. ನಾನು ಮೂಲೆ ಮುರಿದ ಪಾಟಿಯ ಮೇಲೆ H, O, O, H ಎಂದು ಬರೆದು ಸುತ್ತ ಒಂದು ದುಂಡು ಗೆರೆ ಎಳೆದೆ.

“ಸರ್, ಉಪ್ಪಿನ್ಯಾಗಿರೂದು ಪ್ರಮಾಣ. ಇದರಾಗಿರೂದು ಎಣಿಕಿ. ಇದು ಒಂದು ಇಡೀ ಅಣು. ಅದಕ್ಕ ಅಳಸಬಾರದು. ಹೌದಲ್ರಿ?”

ಅವರು ಪಾಟಿಯನ್ನು ದೂರ ಹಿಡಿದು, ಹತ್ತಿರ ತಂದು ನೋಡಿದರು. ಆಮೇಲೆ ನಕ್ಕರು. ಅರ್ಧ ಮುಖವಷ್ಟೇ ನಗುತ್ತಿತ್ತು, ಇನ್ನರ್ಧ ಏಳುತ್ತಿರಲಿಲ್ಲ, ಆದರೂ ಅಂಥ ನಗುವನ್ನು ನಾನು ಕಲಿಸಿದ ಯಾವ ವಿದ್ಯಾರ್ಥಿಗೂ ಕೊಟ್ಟ ನೆನಪಿಲ್ಲ.

ಡಿಸೆಂಬರಿನಲ್ಲಿ ಹೊಸ ವಿಜ್ಞಾನ ಶಿಕ್ಷಕಿ ಬಂದಳು. ಗದಗಿನ ಕಡೆಯ ಹುಡುಗಿ, ಚುರುಕು. ಮುಖ್ಯೋಪಾಧ್ಯಾಯರು, “ಪಾರಾದ್ರಿ ನೋಡ್ರಿ ಮೇಡಮ್ಮಾರ,” ಎಂದು ನಕ್ಕರು. ನಾನೂ ನಕ್ಕೆ. ಪುಸ್ತಕ, ಟಿಪ್ಪಣಿ ಎಲ್ಲ ಅವಳಿಗೆ ಒಪ್ಪಿಸಿದೆ. ಸಂಜೆ ಪಡಸಾಲೆಗೆ ಇಳಿಯುವುದನ್ನು ಮಾತ್ರ ಬಿಡಲಿಲ್ಲ. ಕಲಿಯುವ ಅವಶ್ಯಕತೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತೇನೋ. ಆದರೂ ಪಾಟಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿರುತ್ತಿದ್ದರು.

ಸಂಕ್ರಾಂತಿಯ ಮೇಲೆ ಮಗನಿಗೆ ಧಾರವಾಡಕ್ಕೆ ವರ್ಗವಾಯಿತು. ಸಾಮಾನು ಹೇರಿದ ದಿನ ನಾನು ರಜೆ ಹಾಕಿದ್ದೆ. ಸೊಸೆ ಅಡುಗೆಮನೆಯ ಗೋಡೆಯಿಂದ ಪಟ್ಟಿಯನ್ನು ಹರಿಯದ ಹಾಗೆ ಬಿಡಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಅವರನ್ನು ಕಾರಿನಲ್ಲಿ ಕೂರಿಸಿದಾಗ ನಾನು ಕಿಟಕಿಯ ಬಳಿ ಹೋಗಿ ನಮಸ್ಕಾರ ಮಾಡಿದೆ. ಅವರಿಗೆ ಏನೋ ಹೇಳಬೇಕಿತ್ತು. ಪಾಟಿ ಸಾಮಾನಿನ ಗಾಡಿಯಲ್ಲಿ ಹೋಗಿತ್ತು. ಕಾರು ಹೊರಟಿತು.

ಕೆಳಗಿನ ಮನೆಗೆ ಗಂಡ ಹೆಂಡತಿ ಇಬ್ಬರೂ ನೌಕರಿ ಮಾಡುವವರು ಬಾಡಿಗೆಗೆ ಬಂದರು. ಒಳ್ಳೆಯವರು. ಬೆಳಿಗ್ಗೆ ನನಗಿಂತ ಮೊದಲು ಹೋಗಿ ನನ್ನ ನಂತರ ಬರುತ್ತಾರೆ.

ಮಾರ್ಚಿನಲ್ಲಿ ಮಾಸ್ತರರಿಗೆ ಇನ್ನೊಮ್ಮೆ ಸಣ್ಣಗೆ ಲಕ್ವಾ ಹೊಡೆಯಿತೆಂದು ಸೊಸೆ ಫೋನ್ ಮಾಡಿದ್ದಳು. ಏಪ್ರಿಲಿನಲ್ಲಿ ಎರಡು ದಿನದ ತರಬೇತಿಗೆ ನಾನು ಧಾರವಾಡಕ್ಕೆ ಹೋದೆ. ಮುಗಿಸಿ ಅವರ ಮನೆಗೆ ಹೋದೆ. ಅವರು ಮಂಚದ ಮೇಲಿದ್ದರು, ಬಹಳ ಇಳಿದಿದ್ದರು. ‘ಆತು’ ಅನ್ನುವುದೂ ನಿಂತಿತ್ತು. ನನ್ನನ್ನು ಗುರುತು ಹಿಡಿದರೋ ಇಲ್ಲವೋ. ನಾನು ಕೂತ ಮೇಲೆ ಎಡಗೈ ಹಾಸಿಗೆಯ ಮೇಲೆ ಏನನ್ನೋ ಹುಡುಕಿತು. ಸೊಸೆ ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ನು ಕೊಟ್ಟಳು. ಅವರು ಬರೆಯತೊಡಗಿದರು. ಬಹಳ ಹೊತ್ತು ಬರೆದರು, ಹಾಳೆಯ ಈ ತುದಿಯಿಂದ ಆ ತುದಿಯವರೆಗೆ. ಬರೆದು ನನ್ನ ಕೈಗೆ ಕೊಟ್ಟು, ಕಾದರು.

ನನಗೆ ಓದಲು ಬರಲಿಲ್ಲ. “ಆತ್ರಿ ಸರ್, ಮನಿಗಿ ಹೋಗಿ ನೋಡ್ತೀನಿ,” ಎಂದು ಹಾಳೆ ಮಡಚಿಕೊಂಡೆ.

ಜಮಖಂಡಿಯ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಬಿಡಿಸಿದೆ. K ಇತ್ತು, Fe ಇತ್ತು, Cl ಎರಡು ಕಡೆ. ತೆರೆದ ಆವರಣ ಮುಚ್ಚಿರಲಿಲ್ಲ. ನಾನು ತಿಳಿಯದ ದೊಡ್ಡ ಸಂಯುಕ್ತ ಯಾವುದೋ ಇರಬೇಕು ಎಂದುಕೊಂಡು ಪ್ರತಿಯೊಂದರ ವೇಲೆನ್ಸಿಯನ್ನು ಪಕ್ಕದಲ್ಲಿ ಬರೆದು ಕೂಡಿಸಿದೆ, ಕಳೆದೆ. ಲೋಕಾಪುರ ಬಂತು, ದಾಟಿತು. ಮುಧೋಳದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಮೊದಲಿನಿಂದ ಇನ್ನೊಮ್ಮೆ ಮಾಡಿದೆ. ಕೂಡಲಿಲ್ಲ. ಯಾವ ಕಡೆಯಿಂದ ಹಿಡಿದರೂ ಅದು ಯಾವ ವಸ್ತುವೂ ಅಲ್ಲ. ಅವರು ನನಗೆ ಕಲಿಸಿದ ಲೆಕ್ಕದಿಂದಲೇ ಅವರು ಬರೆದದ್ದು ತಪ್ಪು ಎಂದು ನಾನು ಒಬ್ಬಳೇ ಕೂತು ಕಂಡುಕೊಂಡಿದ್ದೆ. ಹೇಳಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ, ಇದ್ದರೂ ಏನು ಹೇಳುವುದು.

ಬಸ್ಸು ಮುಧೋಳ ಬಿಟ್ಟ ಮೇಲೆ ಸೊಸೆಯ ಫೋನ್ ಬಂತು.

“ಏನ ಬರದಿದ್ರ್ರೀ ಅಕ್ಕಾರ? ನೀವು ಹೋದ ಮ್ಯಾಲ ಬಾಗಲಾನ ನೋಡಾಕತ್ತಾರ. ಏನರ ಬೇಕಾಗೇತೇನು?”

“ಏನೂ ಕೂಡೂದಿಲ್ಲವ್ವ,” ಎಂದೆ. “ಅಕ್ಷರ ಅದಾವ, ಅಂಕಿ ಅದಾವ. ಸೂತ್ರ ಆಗೂದಿಲ್ಲ.”

ಅವಳು ಆ ಕಡೆ ಮಷೀನು ನಿಲ್ಲಿಸಿದ ಸದ್ದು ಕೇಳಿತು.

“ಹಂಗಾರ ಮಾತಾಡಿರಬೇಕ್ರಿ. ನಿಮ್ಮನ್ನ ನೋಡಿ ಸುಮ್ನ ಮಾತಾಡಿರಬೇಕು.”

“ಇರಬೇಕು,” ಎಂದೆ.

ಇಬ್ಬರಿಗೂ ಫೋನ್ ಇಡಲು ಮನಸ್ಸಾಗಲಿಲ್ಲ.

“ಅಲ್ಲೆ ಬಿಸಲ ಹೆಂಗೈತ್ರಿ ಅಕ್ಕಾರ?” ಎಂದು ಕೇಳಿದಳು ಅವಳು.

“ಭಾಳ ಐತಿ,” ಎಂದೆ. ಹೊರಗೆ ಕಬ್ಬು ಕಡಿದ ಹೊಲಗಳು ಉದ್ದಕ್ಕೂ ಬೋಳಾಗಿ ಬಿದ್ದಿದ್ದವು.